ಆಹಾರ ಸೇವನೆ ದಾಖಲಿಸುವ ಡಿಜಿಟಲ್ ಸಾಧನ: ಸಂಶೋಧನೆಗಾಗಿ ಕಟ್ಟುವವರಿಗೆ ಹಂತ ಹಂತದ ದಾರಿ

‘ಪೌಷ್ಟಿಕತೆಯ ಅಧ್ಯಯನ ಮಾಡುತ್ತಿದ್ದೇವೆ, ಜನ ಏನೇನು ತಿಂದರು ಅಂತ ದಾಖಲಿಸಲು ಒಂದು ಆ್ಯಪ್ ಬೇಕು, ಎಲ್ಲಿಂದ ಶುರು ಮಾಡೋಣ?’ ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೆಂದರೆ, ಉತ್ತರವನ್ನು ಒಮ್ಮೆ ಪೂರ್ತಿಯಾಗಿ ಬರೆದಿಡುವುದೇ ಸರಿ ಅನ್ನಿಸಿತು. ಕೇಳುವವರಲ್ಲಿ ಕೆಲವರು ಆಹಾರ ವಿಜ್ಞಾನ ಓದಿದವರು, ಕೆಲವರು ಪ್ರೋಗ್ರಾಮರ್‌ಗಳು. ಇಬ್ಬರೂ ನನ್ನ ಬಳಿ ಬರುವ ಹೊತ್ತಿಗೆ ಪರದೆಗಳ ಚಿತ್ರ ಬರೆದು ಮುಗಿಸಿರುತ್ತಾರೆ. ದಯವಿಟ್ಟು ಆ ಚಿತ್ರಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಇಂಥ ಸಾಧನಗಳು ಪರದೆಯಲ್ಲಿ ಸೋಲುವುದು ಕಡಿಮೆ. ಪರದೆಯ ಹಿಂದಿರುವ ಆಹಾರ ಪಟ್ಟಿಯಲ್ಲಿ, ಅಳತೆಯಲ್ಲಿ, ದತ್ತಾಂಶ ಉಳಿಸುವ ಕ್ರಮದಲ್ಲಿ ಸೋಲುವುದೇ ಹೆಚ್ಚು.

ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ಉತ್ತರಿಸಿದವರು ಹೇಳಿದ್ದು ಒಂದು ಕಡೆ ಇರಲಿ, ಅದರ ಮೇಲೆ ನೀವು ಹಾಕಿದ ಲೆಕ್ಕ ಇನ್ನೊಂದು ಕಡೆ ಇರಲಿ. ಎರಡನ್ನೂ ಎಂದೂ ಬೆರೆಸಬೇಡಿ. ಮುಂದಿನ ಹಂತಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಬೇಕಾದದ್ದು

ಆಹಾರ ಸಂಯೋಜನೆ ಬಲ್ಲ ಒಬ್ಬ ಪೌಷ್ಟಿಕತಜ್ಞರು, ಒಬ್ಬ ಪ್ರೋಗ್ರಾಮರ್, ಮೊದಲ ದಿನದಿಂದಲೇ ಜೊತೆಗಿರುವ ಒಬ್ಬ ಸಂಖ್ಯಾಶಾಸ್ತ್ರಜ್ಞರು. ಆಹಾರ ಸಂಯೋಜನಾ ಕೋಷ್ಟಕ ಬೇಕು, ಅಂದರೆ ಪ್ರತಿ ಆಹಾರದ 100 ಗ್ರಾಂನಲ್ಲಿ ಯಾವ ಪೋಷಕಾಂಶ ಎಷ್ಟಿದೆ ಎಂದು ಹೇಳುವ ಪಟ್ಟಿ. ಅದನ್ನು ಬಳಸಲು ಅನುಮತಿಯೂ ಇರಬೇಕು. 1 ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ, ಜನರನ್ನೊಳಗೊಂಡ ಅಧ್ಯಯನಗಳನ್ನು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ, ಮತ್ತು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ. ಸಂಖ್ಯಾಶಾಸ್ತ್ರಜ್ಞರನ್ನು ದತ್ತಾಂಶ ಬಂದ ಮೇಲೆ ಕರೆದರಾಯಿತು ಎಂದುಕೊಳ್ಳುವ ತಂಡಗಳು ಮೊದಲ ಹಂತದಲ್ಲೇ ಎಡವುತ್ತವೆ.

1. ಸಂಶೋಧನೆಯ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಯಾವ ವಿಧಾನ ಬೇಕು ಎಂಬುದು ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ಮುಖ್ಯವಾಗಿ ಮೂರು ವಿಧಾನಗಳಿವೆ. ಕಳೆದ ದಿನ ತಿಂದದ್ದನ್ನೆಲ್ಲ ನೆನಪಿಸಿಕೊಂಡು ಹೇಳಿಸುವುದು 24 ಗಂಟೆಯ ನೆನಪಿನ ವಿಧಾನ. ತಿನ್ನುವ ಹೊತ್ತಿನಲ್ಲೇ ಬರೆದಿಡುವುದು ಆಹಾರ ದಿನಚರಿ. ‘ಕಳೆದ ತಿಂಗಳಲ್ಲಿ ಹಾಲನ್ನು ಎಷ್ಟು ಸಲ ಕುಡಿದಿರಿ?’ ಎಂದು ಒಂದು ಸಿದ್ಧ ಪಟ್ಟಿಯ ಮೇಲೆ ಕೇಳುತ್ತಾ ಹೋಗುವುದು ಆವರ್ತನ ಪ್ರಶ್ನಾವಳಿ.

ಒಂದು ಗುಂಪು ಸರಾಸರಿ ಎಷ್ಟು ಪ್ರೋಟೀನ್ ತಿನ್ನುತ್ತದೆ ಎಂದಷ್ಟೇ ತಿಳಿಯಬೇಕಿದ್ದರೆ, ಸಾಕಷ್ಟು ಜನರಿಂದ ತಲಾ ಒಂದು ದಿನದ ನೆನಪು ಸಾಕು. ಆದರೆ ‘ಎಷ್ಟು ಮಂದಿಗೆ ಕಬ್ಬಿಣಾಂಶ ಸಾಲುತ್ತಿಲ್ಲ?’ ಎಂದು ಕೇಳಿದಿರೋ, ಒಂದು ದಿನ ಸಾಲದು. ಒಬ್ಬರದೇ ಊಟ ದಿನದಿಂದ ದಿನಕ್ಕೆ ಬದಲಾಗುತ್ತದೆ. ಆ ಏರಿಳಿತವನ್ನು ಕಳೆಯದೆ ಲೆಕ್ಕ ಹಾಕಿದರೆ ಕೊರತೆಯಿರುವವರ ಸಂಖ್ಯೆ ತಪ್ಪಾಗುತ್ತದೆ. ಕೊನೇಪಕ್ಷ ಒಂದಷ್ಟು ಮಂದಿಯಿಂದಾದರೂ, ಒಂದರ ಹಿಂದೆ ಒಂದು ಬರದಂಥ ಎರಡು ದಿನಗಳ ದಾಖಲೆ ಬೇಕು. ರಜೆಯ ದಿನಗಳೂ ಕೆಲಸದ ದಿನಗಳೂ ಅದರಲ್ಲಿ ಸೇರಿರಬೇಕು. ಶಕ್ತಿಯ ಪ್ರಮಾಣ ದಿನದಿಂದ ದಿನಕ್ಕೆ ಅಷ್ಟಾಗಿ ಏರಿಳಿಯುವುದಿಲ್ಲ. ವಿಟಮಿನ್ ಎ ಹಾಗಲ್ಲ, ಕೆಲವೇ ಆಹಾರಗಳಲ್ಲಿ ತುಂಬಿಕೊಂಡಿರುವುದರಿಂದ ಅದು ವಿಪರೀತ ಏರಿಳಿಯುತ್ತದೆ.

ಎಚ್ಚರಿಕೆ: ದಿನಚರಿ ಬರೆಯುವವರು ಬರೆಯುವ ಶ್ರಮ ತಪ್ಪಿಸಲು ಊಟವನ್ನೇ ಸರಳ ಮಾಡಿಕೊಳ್ಳುತ್ತಾರೆ. ಆ್ಯಪ್ ಕೈಯಲ್ಲಿದ್ದರೆ ಈ ತೊಂದರೆ ಕಡಿಮೆಯಾಗುತ್ತದೆ ಎಂದು ನಂಬಬೇಡಿ.

2. ಈಗಾಗಲೇ ಇರುವುದನ್ನು ನೋಡಿ

ಮೊದಲಿನಿಂದ ಕಟ್ಟುವುದಕ್ಕೆ ಮುಂಚೆ ಒಂದು ವಾರ ಇದಕ್ಕೆ ಕೊಡಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಎಸ್‌ಎ24, ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇಂಟೇಕ್24, ಲೀಡ್ಸ್ ವಿಶ್ವವಿದ್ಯಾಲಯದ ಮೈಫುಡ್24, ಇವೆಲ್ಲ ಉತ್ತರಿಸುವವರು ತಾವೇ ತುಂಬುವಂಥವು. ಟಫ್ಟ್ಸ್ ವಿಶ್ವವಿದ್ಯಾಲಯದ ಇಂಡೆಕ್ಸ್24 ಮತ್ತು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಗ್ಲೋಬೋಡಯಟ್ ಸಂದರ್ಶಕರು ಕೇಳಿ ತುಂಬುವಂಥವು. ಇಂಟೇಕ್24 ಮುಕ್ತ ತಂತ್ರಾಂಶ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ತೆಗೆದುಕೊಂಡು ಬದಲಿಸಿಕೊಳ್ಳಬಹುದು.

ಇವುಗಳಲ್ಲಿ ಒಂದನ್ನು ಹೊಂದಿಸಿಕೊಂಡರೆ ಕೋಡ್ ಬರೆಯುವ ಕೆಲಸ ತಪ್ಪುತ್ತದೆ. ಆಹಾರ ಪಟ್ಟಿಯ ಕೆಲಸ ಮಾತ್ರ ನಿಮ್ಮದೇ, ಅದನ್ನು ಯಾರೂ ಮಾಡಿಕೊಡುವುದಿಲ್ಲ. ತೂಕ ಇಳಿಸುವವರಿಗಾಗಿ ಇರುವ ಕ್ಯಾಲೊರಿ ಎಣಿಕೆ ಆ್ಯಪ್‌ಗಳನ್ನು ಸಂಶೋಧನೆಗೆ ಬಳಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಹಲವು ಆ್ಯಪ್‌ಗಳಲ್ಲಿ ಆಹಾರದ ಮಾಹಿತಿಯನ್ನು ಬಳಕೆದಾರರೇ ಸೇರಿಸಿರುತ್ತಾರೆ, ಸೂಕ್ಷ್ಮ ಪೋಷಕಾಂಶಗಳ ಜಾಗ ಖಾಲಿಯಿರುತ್ತದೆ, ಮತ್ತು ನಿಮ್ಮ ಅಧ್ಯಯನದ ನಡುವೆ ಪಟ್ಟಿ ಬದಲಾದರೂ ನಿಮಗೆ ತಿಳಿಯುವುದಿಲ್ಲ.

3. ಆಹಾರ ಪಟ್ಟಿ ಕಟ್ಟಿ

ಇಡೀ ಕೆಲಸದ ಬೆನ್ನೆಲುಬು ಇದು. ಸಮಯದ ಅರ್ಧ ಪಾಲು ಇದಕ್ಕೇ ಹೋದರೂ ಬೇಸರ ಪಡಬೇಡಿ.

ಆಹಾರ ಪಟ್ಟಿ ಮತ್ತು ಸಂಯೋಜನಾ ಕೋಷ್ಟಕ ಎರಡೂ ಬೇರೆ ಬೇರೆ. ಪಟ್ಟಿಯಲ್ಲಿ ಜನ ಕರೆಯುವ ಹೆಸರುಗಳಿರುತ್ತವೆ. ಕೋಷ್ಟಕದಲ್ಲಿ ಪ್ರಯೋಗಾಲಯ ಅಳೆದ ಆಹಾರಗಳಿರುತ್ತವೆ. ಪಟ್ಟಿಯ ಪ್ರತಿ ಹೆಸರಿಗೂ ಕೋಷ್ಟಕದ ಒಂದು ಸಂಕೇತವನ್ನು ಜೋಡಿಸಬೇಕು. ಪ್ರತಿ ಜೋಡಣೆಯ ಪಕ್ಕದಲ್ಲಿ ಅದು ಎಷ್ಟು ಸರಿ ಎಂದು ದರ್ಜೆ ಬರೆಯಿರಿ: ಅದೇ ಆಹಾರ, ಹತ್ತಿರದ ಆಹಾರ, ಅಥವಾ ಬೇರೆ ದಾರಿಯಿಲ್ಲದೆ ಹಾಕಿದ್ದು. ಯಾರು, ಯಾವ ದಿನ, ಏಕೆ ಜೋಡಿಸಿದರು ಎಂಬುದೂ ಇರಲಿ. ಎರಡು ವರ್ಷದ ಮೇಲೆ ಪ್ರಬಂಧದ ಪರಿಶೀಲಕರು ಕೇಳುವುದು ಇದನ್ನೇ.

ಈಗ ಇಲ್ಲಿ ಎಡವಿ ಬೀಳುವ ಜಾಗಗಳು, ಒಂದೊಂದಾಗಿ.

ಹಸಿ ಮತ್ತು ಬೆಂದದ್ದು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 360 ಕಿಲೋಕ್ಯಾಲೊರಿ, ಅದೇ 100 ಗ್ರಾಂ ಅನ್ನದಲ್ಲಿ ಸುಮಾರು 130. ತಟ್ಟೆಯಲ್ಲಿದ್ದ ಅನ್ನದ ತೂಕವನ್ನು ಅಕ್ಕಿಯ ಸಂಕೇತಕ್ಕೆ ಜೋಡಿಸಿದರೆ ಶಕ್ತಿ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಹೆಸರಿನಲ್ಲೇ ‘ಬೆಂದ’, ‘ಹಸಿ’, ‘ಒಣ’ ಎಂದು ಇಲ್ಲದ ಯಾವ ಸಾಲನ್ನೂ ಪಟ್ಟಿಗೆ ಬಿಡಬೇಡಿ.

ಖಾಲಿ ಮತ್ತು ಸೊನ್ನೆ. ಕೋಷ್ಟಕದಲ್ಲಿ ಒಂದು ಮನೆ ಖಾಲಿಯಿದ್ದರೆ ಆ ಪೋಷಕಾಂಶವನ್ನು ಅಳೆದಿಲ್ಲ ಎಂದರ್ಥ, ಇಲ್ಲ ಎಂದಲ್ಲ. ಕಂಪ್ಯೂಟರ್ ಮಾತ್ರ ಕೂಡುವಾಗ ಅದನ್ನು ಸದ್ದಿಲ್ಲದೆ ಸೊನ್ನೆ ಮಾಡಿಬಿಡಬಹುದು. ನಾನಿದ್ದ ಒಂದು ತಂಡದಲ್ಲಿ ಸತುವಿನ ಸೇವನೆ ಅನುಮಾನ ಬರುವಷ್ಟು ಕಡಿಮೆ ಕಂಡಿತು. ಹುಡುಕಿದರೆ ಕಾರಣ ಇದೇ. ಖಾಲಿ ಮನೆಗೆ ಬೇರೆ ಕೋಷ್ಟಕದಿಂದ ಬೆಲೆ ತಂದು ತುಂಬಿದರೆ, ಎಲ್ಲಿಂದ ತಂದಿರೆಂದು ಗುರುತು ಹಾಕಿ.

ಮಾನಗಳು. ಒಂದು ಕೋಷ್ಟಕ ಶಕ್ತಿಯನ್ನು ಕಿಲೋಜೌಲ್‌ನಲ್ಲಿ ಕೊಡುತ್ತದೆ, ಇನ್ನೊಂದು ಕಿಲೋಕ್ಯಾಲೊರಿಯಲ್ಲಿ. ಒಂದು ಕಿಲೋಕ್ಯಾಲೊರಿ ಅಂದರೆ 4.184 ಕಿಲೋಜೌಲ್. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ್ದು ವಿಟಮಿನ್ ಎ. ಅದನ್ನು ಲೆಕ್ಕ ಹಾಕಲು ಎರಡು ಮಾನಗಳಿವೆ. ಹಳೆಯ ಆರ್‌ಇ ಮಾನದಲ್ಲಿ 6 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್ (ದೇಹ ವಿಟಮಿನ್ ಎ ಆಗಿ ಬದಲಿಸಿಕೊಳ್ಳುವ ವಸ್ತು) ಒಂದು ಮೈಕ್ರೋಗ್ರಾಂ ವಿಟಮಿನ್ ಎಗೆ ಸಮ, ಈಗಿನ ಆರ್‌ಎಇ ಮಾನದಲ್ಲಿ 12 ಮೈಕ್ರೋಗ್ರಾಂ. ಅಂದರೆ ಒಂದೇ ಕ್ಯಾರೆಟ್ ಹಳೆಯ ಕೋಷ್ಟಕದಲ್ಲಿ ಎರಡು ಪಟ್ಟು ವಿಟಮಿನ್ ಎ ತೋರಿಸುತ್ತದೆ. ಎರಡು ಕೋಷ್ಟಕ ಬೆರೆಸುವವರು ಪ್ರತಿ ಕಾಲಮ್ಮಿನ ವ್ಯಾಖ್ಯೆಯನ್ನೂ ಓದಲೇಬೇಕು.

ಕಲಸಿದ, ಬೇಯಿಸಿದ ಅಡುಗೆಗಳು. ಇವಕ್ಕೆ ಪಾಕವಿಧಾನದಿಂದ ಲೆಕ್ಕ ಹಾಕಬೇಕು. ಪದಾರ್ಥಗಳ ಮೊತ್ತಕ್ಕೆ ಎರಡು ತಿದ್ದುಪಡಿ ಬೇಕಾಗುತ್ತದೆ. ಬೆಂದ ಮೇಲೆ ತೂಕ ಎಷ್ಟಾಯಿತು ಎಂಬುದು ಒಂದು, ಬಿಸಿಗೆ ನಾಶವಾಗುವ ಅಥವಾ ಬಸಿದ ನೀರಿನಲ್ಲಿ ಹೋಗುವ ವಿಟಮಿನ್ ಎಷ್ಟು ಉಳಿಯಿತು ಎಂಬುದು ಇನ್ನೊಂದು. ಇವುಗಳಿಗೆ ಇಳುವರಿ ಗುಣಾಂಕ, ಉಳಿಕೆ ಗುಣಾಂಕ ಎನ್ನುತ್ತಾರೆ. ಎರಡನೆಯದನ್ನು ಮರೆತರೆ ವಿಟಮಿನ್ ಸಿ ಸೇವನೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಪಟ್ಟಿ ಮುಗಿದ ಮೇಲೆ ಒಂದು ಸುಲಭ ಪರೀಕ್ಷೆ ಇದೆ. ಪ್ರತಿ ಸಾಲಿನಲ್ಲೂ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಗ್ರಾಂಗಳನ್ನು 4ರಿಂದ, ಕೊಬ್ಬನ್ನು 9ರಿಂದ, ಆಲ್ಕೋಹಾಲನ್ನು 7ರಿಂದ ಗುಣಿಸಿ ಕೂಡಿ. ಬಂದ ಮೊತ್ತ ಬರೆದಿರುವ ಕಿಲೋಕ್ಯಾಲೊರಿಗಿಂತ ತುಂಬಾ ದೂರವಿದ್ದರೆ ಆ ಸಾಲನ್ನು ಕೈಯಾರೆ ನೋಡಿ. ನಾರಿನಂಶ ಹೆಚ್ಚಿರುವ ಆಹಾರಗಳಲ್ಲಿ ಸ್ವಲ್ಪ ವ್ಯತ್ಯಾಸ ಸಹಜ.

ಪಟ್ಟಿ ಎಷ್ಟು ಉದ್ದವಿರಬೇಕು? ತೀರಾ ಉದ್ದವಾದರೆ ಹುಡುಕುವವರು ಕಂಗಾಲಾಗಿ ಮೊದಲು ಕಂಡದ್ದನ್ನು ಒತ್ತುತ್ತಾರೆ. ತೀರಾ ಚಿಕ್ಕದಾದರೆ ತಿಂದದ್ದು ಸಿಗದೆ ಬೇರೇನನ್ನೋ ಆರಿಸುತ್ತಾರೆ. ಮಧ್ಯಮ ಪಟ್ಟಿ ಇಟ್ಟು, ‘ಇಲ್ಲಿಲ್ಲ, ನಾನೇ ಬರೆಯುತ್ತೇನೆ’ ಎಂಬ ದಾರಿಯನ್ನು ಎದ್ದು ಕಾಣುವಂತೆ ಕೊಡಿ. ಹಾಗೆ ಬಂದ ಹೆಸರುಗಳನ್ನು ವಾರಕ್ಕೊಮ್ಮೆ ನೋಡಿ ಪಟ್ಟಿಗೆ ಸೇರಿಸಿ, ಪಟ್ಟಿಗೆ ಹೊಸ ಆವೃತ್ತಿ ಸಂಖ್ಯೆ ಕೊಡಿ.

4. ಪ್ರಮಾಣ ಕೇಳುವ ಬಗೆ

‘ಎಷ್ಟು ಗ್ರಾಂ ತಿಂದಿರಿ?’ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ. ಒಂದೇ ಆಹಾರವನ್ನು ಚಿಕ್ಕದರಿಂದ ದೊಡ್ಡದರವರೆಗೆ ಹಲವು ಪ್ರಮಾಣಗಳಲ್ಲಿ ತೆಗೆದ ಫೋಟೋ ಸಾಲು ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲು ನಿಮ್ಮ ಅಧ್ಯಯನದ ಜನ ನಿಜವಾಗಿ ಬಡಿಸಿಕೊಳ್ಳುವುದನ್ನು ತೂಗಿ, ಆ ವ್ಯಾಪ್ತಿಗೆ ತಕ್ಕಂತೆ ಪ್ರಮಾಣಗಳನ್ನು ಗೊತ್ತುಮಾಡಿ. ಎಲ್ಲ ಫೋಟೋಗಳಿಗೂ ಒಂದೇ ಕೋನ, ಒಂದೇ ಬೆಳಕು, ಒಂದೇ ತಟ್ಟೆ. ಗಾತ್ರ ತಿಳಿಯಲು ಪಕ್ಕದಲ್ಲೊಂದು ಚಮಚ. ಅತಿ ದೊಡ್ಡ ಫೋಟೋಗಿಂತ ಹೆಚ್ಚು ತಿಂದವರಿಗೂ ಒಂದು ಆಯ್ಕೆ ಇರಲಿ. ಮಕ್ಕಳ ಅಧ್ಯಯನಕ್ಕೆ ದೊಡ್ಡವರ ಫೋಟೋ ಬಳಸಬೇಡಿ, ಬೇರೆಯೇ ತೆಗೆಯಿರಿ.

ಲೋಟ, ಬಟ್ಟಲು, ಚಮಚಗಳಲ್ಲಿ ಕೇಳಿದರೆ ಗಾತ್ರವನ್ನು ತೂಕಕ್ಕೆ ತಿರುಗಿಸಬೇಕಾಗುತ್ತದೆ. 100 ಮಿಲಿಲೀಟರ್ ಅಡುಗೆ ಎಣ್ಣೆ ಸುಮಾರು 92 ಗ್ರಾಂ, ಅಷ್ಟೇ ಜೇನುತುಪ್ಪ ಸುಮಾರು 140 ಗ್ರಾಂ. ಎಲ್ಲಕ್ಕೂ ನೀರಿನ ಸಾಂದ್ರತೆಯನ್ನೇ ಹಾಕುವುದು ಪ್ರೋಗ್ರಾಮರ್‌ಗಳು ತಿಳಿಯದೆ ಮಾಡುವ ತಪ್ಪು. ತಿನ್ನದ ಭಾಗವನ್ನು ಕಳೆಯುವುದನ್ನೂ ಮರೆಯಬೇಡಿ. ಬಾಳೆಹಣ್ಣಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಬರೀ ಸಿಪ್ಪೆ. ಬಡಿಸಿಕೊಂಡದ್ದು ಎಷ್ಟು, ತಟ್ಟೆಯಲ್ಲಿ ಬಿಟ್ಟದ್ದು ಎಷ್ಟು, ಎರಡನ್ನೂ ಕೇಳಿ. ಒಂದೇ ತಟ್ಟೆಯಿಂದ ಹಲವರು ತಿಂದಿದ್ದರೆ ‘ನಿಮ್ಮ ಪಾಲು ಎಷ್ಟು?’ ಎಂಬ ಪ್ರಶ್ನೆ ಬೇಕು.

ಎಷ್ಟೇ ಚೆನ್ನಾಗಿ ಕಟ್ಟಿದರೂ ಕಡಿಮೆ ತಿಂದವರು ತುಸು ಹೆಚ್ಚಾಗಿ, ಹೆಚ್ಚು ತಿಂದವರು ತುಸು ಕಡಿಮೆಯಾಗಿ ಹೇಳುತ್ತಾರೆ. ಆದ್ದರಿಂದ ಉತ್ತರಿಸಿದವರು ಮುಟ್ಟಿದ ಫೋಟೋದ ಸಂಖ್ಯೆಯನ್ನೂ ಉಳಿಸಿ, ಗ್ರಾಂ ಒಂದನ್ನೇ ಅಲ್ಲ. ನಾಳೆ ಒಂದು ಫೋಟೋದ ತೂಕ ತಪ್ಪಿದೆಯೆಂದು ಗೊತ್ತಾದರೆ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬಹುದು.

ಕ್ಯಾಮೆರಾ ತಾನೇ ಗುರುತಿಸಿದರೆ ಇದೆಲ್ಲ ಬೇಡವಲ್ಲ ಎನ್ನುವವರಿದ್ದಾರೆ. ತಟ್ಟೆಯ ಚಿತ್ರದಿಂದ ಆಹಾರದ ಹೆಸರು ಊಹಿಸಲು ಇಂದಿನ ತಂತ್ರ ನೆರವಾಗುತ್ತದೆ, ನೆನಪಿಗೂ ಫೋಟೋ ಒಳ್ಳೆಯ ಆಸರೆ. ಆದರೆ ಕರಿದ ಎಣ್ಣೆ, ಬೆರೆತ ಉಪ್ಪು, ಕರಗಿದ ಸಕ್ಕರೆ ಚಿತ್ರದಲ್ಲಿ ಕಾಣುವುದಿಲ್ಲ. ಬಳಸುವುದಾದರೆ ಊಹೆಯನ್ನು ಸಲಹೆಯಾಗಿ ತೋರಿಸಿ, ಆಯ್ಕೆಯನ್ನು ಮನುಷ್ಯರಿಗೇ ಬಿಡಿ. ಊಹೆಯನ್ನೂ ಆಯ್ಕೆಯನ್ನೂ ಬೇರೆ ಬೇರೆ ಉಳಿಸಿ.

5. ಪ್ರಶ್ನೆಗಳ ಹರಿವು

ಇದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಅಮೆರಿಕದ ಕೃಷಿ ಇಲಾಖೆ ರೂಪಿಸಿದ ಐದು ಸುತ್ತಿನ ಕ್ರಮ ನೆನಪಿನ ಸ್ವಭಾವಕ್ಕೆ ಹೊಂದುತ್ತದೆ. ಮೊದಲ ಸುತ್ತಿನಲ್ಲಿ ನೆನಪಾದದ್ದನ್ನೆಲ್ಲ ತಡೆಯದೆ ಹೇಳಿಸಿ. ಎರಡನೆಯದರಲ್ಲಿ ಮರೆತುಹೋಗುವಂಥವನ್ನು ಕೇಳಿ: ಪಾನೀಯ, ಸಿಹಿ, ನಡುನಡುವೆ ಬಾಯಾಡಿಸಿದ್ದು, ಹಣ್ಣು. ಮೂರನೆಯದರಲ್ಲಿ ಹೊತ್ತು ಮತ್ತು ಸಂದರ್ಭ, ನಾಲ್ಕನೆಯದರಲ್ಲಿ ಬಗೆ ಮತ್ತು ಪ್ರಮಾಣದ ವಿವರ, ಐದನೆಯದರಲ್ಲಿ ಕೊನೆಯದಾಗಿ ಒಮ್ಮೆ ‘ಇನ್ನೇನಾದರೂ?’ ಎಂಬ ಪ್ರಶ್ನೆ. ಹೆಸರು ಹೇಳಿದ ಕೂಡಲೇ ಪ್ರಮಾಣ ಕೇಳಲು ನಿಂತರೆ ನೆನಪಿನ ಎಳೆ ಕಡಿದುಹೋಗುತ್ತದೆ, ಮುಂದಿನ ಎರಡು ಐಟಂ ಮರೆತೇಹೋಗುತ್ತವೆ.

ಜೊತೆಗೂಡುವ ಆಹಾರಗಳಿಗೆ ನೆನಪೋಲೆ ಕಟ್ಟಿ: ಬ್ರೆಡ್ ಎಂದರೆ ‘ಮೇಲೆ ಏನಾದರೂ ಸವರಿದ್ದಿರಾ?’, ಚಹಾ ಎಂದರೆ ‘ಹಾಲು, ಸಕ್ಕರೆ?’. ದಿನ ಎಂದರೆ ನಡುರಾತ್ರಿಯಿಂದ ನಡುರಾತ್ರಿಗೋ, ಎದ್ದಾಗಿನಿಂದ ಮಲಗುವವರೆಗೋ ಎಂದು ಮೊದಲೇ ನಿರ್ಧರಿಸಿ. ರಾತ್ರಿ ಪಾಳಿಯವರ ದಾಖಲೆ ಇದೊಂದರಿಂದಲೇ ಕೆಡುತ್ತದೆ. ದಾಖಲೆ ನಡೆಯುವಾಗ ಕ್ಯಾಲೊರಿ ಸಂಖ್ಯೆಯನ್ನೂ ‘ಒಳ್ಳೆಯದು’, ‘ಕೆಟ್ಟದ್ದು’ ಎಂಬ ಬಣ್ಣಗಳನ್ನೂ ತೋರಿಸಬೇಡಿ. ಉತ್ತರಗಳು ಬಾಗುತ್ತವೆ, ತಿನ್ನುವುದರ ಬಗ್ಗೆ ಈಗಾಗಲೇ ಆತಂಕದಲ್ಲಿರುವವರಿಗೆ ಅದು ನೋವನ್ನೂ ಕೊಡುತ್ತದೆ.

6. ಹುಡುಕಾಟ ಕನ್ನಡದಲ್ಲಿ ನಡೆಯಬೇಕು

ಕನ್ನಡ ಲಿಪಿಯಲ್ಲಿ ಸಾಧನ ಕಟ್ಟುವವರಿಗೆ ಈ ಮಾತು. ‘ಮೊಟ್ಟೆ’ಯ ‘ೊ’ ಕಂಪ್ಯೂಟರಿನೊಳಗೆ ಒಂದೇ ಸಂಕೇತವಾಗಿಯೂ ಇರಬಹುದು, ‘ೆ’ ಮತ್ತು ‘ೂ’ ಸೇರಿದ ಎರಡು ಸಂಕೇತಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಕೋಡಿಗೆ ಬೇರೆ ಬೇರೆ. ಪಟ್ಟಿಯನ್ನೂ ಟೈಪ್ ಮಾಡಿದ್ದನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ರೂಪಕ್ಕೆ, ತಂದ ಮೇಲೆಯೇ ಹೋಲಿಸಿ. ‘ಹಾಲು’ ಬೇಕಾದವರು ‘ಆಲು’ ಎಂದು ಬರೆಯಬಹುದು. ಒತ್ತಕ್ಷರ ಬಿಡಬಹುದು, ಸೊನ್ನೆಯ ಬದಲು ‘ನ್’ ಹಾಕಬಹುದು, ಇಂಗ್ಲಿಷ್ ಲಿಪಿಯಲ್ಲೇ ಟೈಪ್ ಮಾಡಬಹುದು. ಪ್ರತಿ ಆಹಾರಕ್ಕೂ ಪರ್ಯಾಯ ಹೆಸರುಗಳ ಪಟ್ಟಿ ಇಡಿ. ಏನೂ ಸಿಗದೆ ಹೋದ ಹುಡುಕಾಟಗಳನ್ನು ದಾಖಲಿಸಿ ದಿನವೂ ಓದಿ. ಪಟ್ಟಿಯ ಕೊರತೆ ಅಲ್ಲೇ ಮೊದಲು ಕಾಣಿಸುತ್ತದೆ.

7. ದತ್ತಾಂಶದ ಪದರಗಳು

ನಾಲ್ಕು ಪದರಗಳಿರಲಿ: ಉತ್ತರಿಸಿದವರ ಮಾತು, ಜೋಡಿಸಿದ ಸಂಕೇತ, ಗ್ರಾಂ, ಪೋಷಕಾಂಶ. ಮೇಲಿನ ಪದರ ಬದಲಾದರೆ ಕೆಳಗಿನದನ್ನು ಮತ್ತೆ ಲೆಕ್ಕ ಹಾಕಿ, ಮೇಲಿನದನ್ನು ಅಳಿಸಬೇಡಿ. ತಿದ್ದುಪಡಿ ಎಂದರೆ ಹೊಸ ಸಾಲು, ಹಳೆಯದರ ಮೇಲೆ ಬರೆಯುವುದಲ್ಲ. ಪ್ರತಿ ದಾಖಲೆಯಲ್ಲೂ ಪಟ್ಟಿಯ ಆವೃತ್ತಿ, ಆ್ಯಪ್‌ನ ಆವೃತ್ತಿ, ಫೋನಿನ ಸಮಯ, ಸರ್ವರಿನ ಸಮಯ ಇರಬೇಕು. ನೆಟ್‌ವರ್ಕ್ ಇಲ್ಲದಾಗಲೂ ಕೆಲಸ ನಡೆಯಬೇಕು, ಆದ್ದರಿಂದ ದಾಖಲೆಯ ಗುರುತುಸಂಖ್ಯೆಯನ್ನು ಫೋನೇ ಕೊಡಲಿ. ಇಲ್ಲದಿದ್ದರೆ ಒಂದೇ ಊಟ ಎರಡು ಸಲ ಸರ್ವರಿಗೆ ಸೇರುತ್ತದೆ.

ಬಾರ್‌ಕೋಡ್ ಓದಿಸುವವರು ಒಂದು ಸಂಗತಿ ಗಮನಿಸಿ. 13 ಅಂಕಿಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ, ಅದನ್ನು ಪರೀಕ್ಷಿಸಿದರೆ ತಪ್ಪು ಓದು ಸಿಕ್ಕಿಬೀಳುತ್ತದೆ. ಆದರೆ ತಯಾರಕರು ಅದೇ ಕೋಡಿನಡಿ ಒಳಗಿನ ಪದಾರ್ಥ ಬದಲಿಸಿದ್ದರೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ಸಂಯೋಜನೆಯ ಜೊತೆ ದಿನಾಂಕ ಇಡಿ.

8. ಒಪ್ಪಿಗೆ ಮತ್ತು ಗೋಪ್ಯತೆ

ಊಟದ ದಾಖಲೆಯಿಂದ ಒಬ್ಬರ ಧರ್ಮ, ಕಾಯಿಲೆ, ಬಸಿರು, ಬಡತನ ಎಲ್ಲವನ್ನೂ ಊಹಿಸಬಹುದು. ಹೆಸರು, ಫೋನ್ ಸಂಖ್ಯೆಗಳನ್ನು ಊಟದ ದತ್ತಾಂಶದಿಂದ ಬೇರೆ ಸರ್ವರಿನಲ್ಲಿಡಿ. ಫೋಟೋ ತರಿಸುವುದಾದರೆ ಅದರೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ಫೋನಿನಲ್ಲೇ ಅಳಿಸಿ, ಹಿನ್ನೆಲೆಯಲ್ಲಿ ಬೇರೆಯವರ ಮುಖ ಬಂದರೆ ಮಸುಕು ಮಾಡಿ. ಬೇಡವೆಂದವರ ದಾಖಲೆಯನ್ನು ತೆಗೆಯುವ ದಾರಿಯನ್ನು ಮೊದಲ ಆವೃತ್ತಿಯಲ್ಲೇ ಕಟ್ಟಿ.

9. ಪರೀಕ್ಷೆ

ಮೊದಲು ಏಳೆಂಟು ಜನರನ್ನು ಕೂರಿಸಿ, ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತಾ ತುಂಬಲು ಕೇಳಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಪ್ರಶ್ನೆ ಕೆಟ್ಟಿದೆ. ಬಳಸಲು ಎಷ್ಟು ಸುಲಭ ಎಂದು ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಎಸ್‌ಯುಎಸ್ ಮಾಪಕವಿದೆ. 0ಯಿಂದ 100ರವರೆಗಿನ ಅಂಕದಲ್ಲಿ 68ರ ಆಸುಪಾಸು ಸಾಧಾರಣ ಮಟ್ಟ.

ಆಮೇಲೆ ಸತ್ಯಾಪನೆ, ಅಂದರೆ ಸಾಧನ ಹೇಳುವುದು ನಿಜಕ್ಕೆ ಎಷ್ಟು ಹತ್ತಿರ ಎಂಬ ಪರೀಕ್ಷೆ. ಬಡಿಸುವ ಮುಂಚೆ ಗುಟ್ಟಾಗಿ ತೂಗಿಟ್ಟ ಊಟ ಕೊಟ್ಟು, ಮರುದಿನ ನೆನಪಿಸಿ ತುಂಬಿಸುವುದು ಒಳ್ಳೆಯ ದಾರಿ. ಇದಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಂದರ್ಶಕರು ಕೇಳಿ ಬರೆದ ದಾಖಲೆಯ ಜೊತೆ ಮಾತ್ರ ಹೋಲಿಸಿದರೆ ಒಂದು ಅಪಾಯವಿದೆ. ಎರಡೂ ಕಡೆ ನೆನಪು ಒಂದೇ, ಮರೆವೂ ಒಂದೇ. ಆದ್ದರಿಂದ ಇರುವುದಕ್ಕಿಂತ ಹೆಚ್ಚು ಹೊಂದಾಣಿಕೆ ಕಾಣುತ್ತದೆ. ನೆನಪಿನ ಹಂಗಿಲ್ಲದ ಸಾಕ್ಷಿ ದೇಹದಿಂದ ಬರುತ್ತದೆ. 24 ಗಂಟೆಯ ಮೂತ್ರದಲ್ಲಿರುವ ಸಾರಜನಕದಿಂದ ಪ್ರೋಟೀನನ್ನು, ಭಾರ ಹೈಡ್ರೋಜನ್ ಮತ್ತು ಆಕ್ಸಿಜನ್-18 ಬೆರೆಸಿದ ನೀರು ಕುಡಿಸಿ ದೇಹ ಖರ್ಚು ಮಾಡಿದ ಶಕ್ತಿಯನ್ನು ಅಂದಾಜಿಸಬಹುದು. ಎರಡನೆಯದು ತುಂಬಾ ದುಬಾರಿ.

ಫಲಿತಾಂಶವನ್ನು ಸಹಸಂಬಂಧದ, ಅಂದರೆ ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು ಹೇಳುವ, ಅಂಕಿಯೊಂದರಲ್ಲೇ ಹೇಳಬೇಡಿ. ನಿಮ್ಮ ಸಾಧನ ಎಲ್ಲರಿಗೂ ನಿಜದ ಅರ್ಧವನ್ನೇ ತೋರಿಸಿದರೂ ಸಹಸಂಬಂಧ 1, ಅಂದರೆ ಪರಿಪೂರ್ಣ, ಎಂದೇ ಬರುತ್ತದೆ. ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವಿವರಿಸಿದಂತೆ ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಚುಕ್ಕೆಗಳಾಗಿ ಬಿಡಿಸಿ. ವಾಲಿಕೆ ಎತ್ತ ಇದೆ, ದೊಡ್ಡ ಪ್ರಮಾಣಗಳಲ್ಲಿ ಅದು ಹೆಚ್ಚುತ್ತದೆಯೇ ಎಂಬುದು ಅಲ್ಲಿ ಕಾಣುತ್ತದೆ.

10. ದತ್ತಾಂಶ ಬರಲು ಶುರುವಾದ ಮೇಲೆ

ಶುಚಿಗೊಳಿಸುವ ನಿಯಮಗಳನ್ನು ದತ್ತಾಂಶ ನೋಡುವ ಮುಂಚೆಯೇ ಬರೆದಿಡಿ. ಯಾವ ಸಂಖ್ಯೆಗೆ ಗುರುತು ಹಾಕುತ್ತೀರಿ, ಯಾರು ಪರಿಶೀಲಿಸುತ್ತಾರೆ, ಯಾವಾಗ ಮತ್ತೆ ಫೋನ್ ಮಾಡಿ ಕೇಳುತ್ತೀರಿ ಎಂಬುದೆಲ್ಲ ಅದರಲ್ಲಿರಲಿ. ಇಡೀ ದಿನವನ್ನು ಎರಡೇ ನಿಮಿಷದಲ್ಲಿ ತುಂಬಿದ ದಾಖಲೆಗೆ ಗುರುತು ಹಾಕಿ. ಹೇಳಿದ ಶಕ್ತಿಯನ್ನು ದೇಹ ವಿಶ್ರಾಂತಿಯಲ್ಲೇ ಬಳಸುವ ಶಕ್ತಿಯ ಜೊತೆ ಹೋಲಿಸುವ ವಿಧಾನವನ್ನು ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು 1991ರಲ್ಲಿ ಕೊಟ್ಟರು. ಕಡಿಮೆ ಹೇಳಿದವರನ್ನು ಗುರುತಿಸಲು ಅದನ್ನೇ ಬಳಸಿ. ಆದರೆ ಅವರನ್ನು ಕಣ್ಣುಮುಚ್ಚಿ ತೆಗೆದುಹಾಕಬೇಡಿ. ಒಬ್ಬರು ನಿಜವಾಗಿ ಉಪವಾಸ ಇದ್ದಿರಬಹುದು, ಜ್ವರ ಬಂದಿರಬಹುದು, ಅಂದು ಮನೆಯಲ್ಲಿ ತಿನ್ನಲು ಏನೂ ಇಲ್ಲದಿರಬಹುದು. ‘ನಿನ್ನೆ ಎಂದಿನಂತೆ ತಿಂದಿರಾ? ಇಲ್ಲವಾದರೆ ಏಕೆ?’ ಎಂಬ ಪ್ರಶ್ನೆಯನ್ನು ಕೊನೆಯಲ್ಲಿ ಸೇರಿಸಿದ್ದರೆ ಇದು ತಿಳಿಯುತ್ತದೆ. ಅವರನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ವಿಶ್ಲೇಷಣೆ ಮಾಡಿ, ಎರಡನ್ನೂ ವರದಿಯಲ್ಲಿ ಕೊಡಿ.

ಅಧ್ಯಯನ ಮುಗಿದ ದಿನ ಆಹಾರ ಪಟ್ಟಿ, ಕೋಷ್ಟಕ, ಫೋಟೋಗಳ ತೂಕ, ಪಾಕವಿಧಾನಗಳು, ಲೆಕ್ಕದ ಕೋಡ್ ಎಲ್ಲವನ್ನೂ ಒಂದೇ ಆವೃತ್ತಿ ಸಂಖ್ಯೆಯಡಿ ಒಂದು ಫೋಲ್ಡರಿನಲ್ಲಿ ಇಟ್ಟು ಬೀಗ ಹಾಕಿ. ಆಮೇಲೆ ನಿಮ್ಮ ತಂಡದಲ್ಲಿಲ್ಲದ ಒಬ್ಬರಿಗೆ ಆ ಫೋಲ್ಡರನ್ನೂ, ಹೆಸರು ತೆಗೆದ ಒಂದು ದಿನದ ದಾಖಲೆಯನ್ನೂ ಕೊಟ್ಟು, ಕಬ್ಬಿಣಾಂಶ ಎಷ್ಟೆಂದು ಕೈಲೆಕ್ಕ ಮಾಡಿಸಿ. ಅವರ ಸಂಖ್ಯೆಯೂ ನಿಮ್ಮ ಸಾಧನದ ಸಂಖ್ಯೆಯೂ ತಾಳೆಯಾಗದಿದ್ದರೆ, ಯಾವ ಪದರದಲ್ಲಿ ಬೇರೆಯಾಯಿತು ಎಂದು ಮೇಲಿನಿಂದ ಕೆಳಕ್ಕೆ ಹುಡುಕಿ, ಸಿಗುವವರೆಗೆ ಪ್ರಬಂಧ ಕಳಿಸಬೇಡಿ.